ಆ ನಾರು ದ್ರಾವಣದಲ್ಲಿ ಇತ್ತೇ?

ಎ.ಎಫ್.ಎಂ. ಎಂದರೆ ಅಟಾಮಿಕ್ ಫೋರ್ಸ್ ಮೈಕ್ರೊಸ್ಕೋಪ್, ಟಿಪ್ ಎಂಬ ಚೂಪು ಮೊನೆಯಿಂದ ಮೇಲ್ಮೈ ತಡವಿ ಚಿತ್ರ ತೆಗೆಯುವ ಯಂತ್ರ. ಅದರ ಸ್ಲಾಟ್‌ಗೆ ಬರುವ ಸ್ಯಾಂಪಲ್‌ಗಳಲ್ಲಿ ಬಹುಪಾಲು ಒಂದೇ ರೀತಿ ತಯಾರಾಗಿರುತ್ತವೆ. ಹತ್ತು ಮೈಕ್ರೊಲೀಟರ್ ದ್ರಾವಣವನ್ನು ಮೈಕಾ (ಹಳ್ಳಿಗಳಲ್ಲಿ ಕಾಗೆಬಂಗಾರ ಎನ್ನುತ್ತಾರಲ್ಲ, ಅದೇ) ಮೇಲೆ ಹನಿಸಿ, ಪೆಟ್ರಿ ಡಿಶ್ ಮುಚ್ಚಿ, ರಾತ್ರಿಯೆಲ್ಲ ಒಣಗಲು ಬಿಟ್ಟಿರುತ್ತಾರೆ. ಬೆಳಿಗ್ಗೆ ಸ್ಕ್ಯಾನ್ ಮಾಡಿದರೆ ನಾರು ಕಾಣುತ್ತದೆ, ಉಂಗುರ ಕಾಣುತ್ತದೆ, ಕೆಲವೊಮ್ಮೆ ಜರೀಗಿಡದ ಎಲೆಯ ಹಾಗೆ ಕವಲೊಡೆದ ಆಕಾರ ಕಾಣುತ್ತದೆ. “ಸರ್, ಸೆಲ್ಫ್ ಅಸೆಂಬ್ಲಿ ಚೆನ್ನಾಗಿ ಆಗಿದೆ, ಅಣುಗಳು ತಾವಾಗಿಯೇ ಜೋಡಿಸಿಕೊಂಡಿವೆ, ಪೇಪರ್‌ಗೆ ಇದನ್ನೇ ಹಾಕಬಹುದಲ್ವಾ?” ಎಂದು ಕೇಳುವ ವಿದ್ಯಾರ್ಥಿಯ ಮುಖದಲ್ಲಿ ಎಷ್ಟು ಸಂತೋಷ ಇರುತ್ತದೆ ಎಂದರೆ, ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಆದರೂ ಹೇಳಲೇಬೇಕು. ಆ ನಾರು ನಿಮ್ಮ ವಯಲ್‌ನ ದ್ರಾವಣದಲ್ಲಿ ಇತ್ತೇ, ಇಲ್ಲ ಹನಿ ಒಣಗುವ ಕೊನೆಯ ಗಳಿಗೆಯಲ್ಲಿ ಹುಟ್ಟಿತೇ? ಒಣಗಿದ ಸ್ಯಾಂಪಲ್‌ನ ಒಂದು ಚಿತ್ರ ಇದಕ್ಕೆ ಉತ್ತರ ಕೊಡುವುದಿಲ್ಲ. ಟಿಪ್ ಮೇಲ್ಮೈಯ ಏರುತಗ್ಗನ್ನು ಮುಟ್ಟಿ ಹೇಳುತ್ತದೆ, ಅದು ಯಾವಾಗ ಆಯಿತು ಎಂದು ಹೇಳುವುದಿಲ್ಲ.

ಕಾಗದ ಪೆನ್ನು ಹಿಡಿದು ಒಂದು ಲೆಕ್ಕ ಹಾಕೋಣ. ನಿಮ್ಮ ಅಣು ಒಂದು ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಎಂದುಕೊಳ್ಳಿ. ನಿಮ್ಮ ಪೆಪ್ಟೈಡ್‌ನ ಅಣುತೂಕ ಸುಮಾರು 1000, ಸಾಂದ್ರತೆ 10 ಮೈಕ್ರೊಮೋಲಾರ್ ಎಂದಿರಲಿ. ಹತ್ತು ಮೈಕ್ರೊಲೀಟರ್ ಹನಿಯಲ್ಲಿ ಅದು ಇರುವುದು 0.1 ಮೈಕ್ರೊಗ್ರಾಂ. ದ್ರಾವಣವನ್ನು ಪಿ.ಬಿ.ಎಸ್. ಎಂಬ, ಆಮ್ಲೀಯತೆ ಬದಲಾಗದಂತೆ ಹಿಡಿದಿಡುವ ಲವಣದ ಬಫರ್‌ನಲ್ಲಿ ಮಾಡಿದ್ದರೆ, ಲೀಟರ್‌ಗೆ ಹತ್ತು ಗ್ರಾಂ ಹತ್ತಿರ ಲವಣ ಇರುತ್ತದೆ. ಅಂದರೆ ಅದೇ ಹನಿಯಲ್ಲಿ ಸುಮಾರು 100 ಮೈಕ್ರೊಗ್ರಾಂ ಲವಣ, ಪೆಪ್ಟೈಡ್‌ನ ಸಾವಿರ ಪಟ್ಟು. ಹನಿ ಐದು ಮಿಲಿಮೀಟರ್ ಅಗಲಕ್ಕೆ ಹರಡಿ ಒಣಗಿದರೆ, ಪೆಪ್ಟೈಡ್ ಸಮನಾಗಿ ಹರಡಿದರೂ ಸುಮಾರು ನಾಲ್ಕು ನ್ಯಾನೊಮೀಟರ್ ದಪ್ಪದ ಪದರ. ಲವಣದ ಪದರ ಎರಡು ಮೈಕ್ರೊಮೀಟರ್‌ಗಿಂತ ಹೆಚ್ಚು. ನೀವು ಹುಡುಕುತ್ತಿರುವುದು ಉಪ್ಪಿನ ರಾಶಿಯೊಳಗೆ ಹೂತುಹೋಗಿದೆ. ಬೋರ್‌ವೆಲ್ ನೀರು ಆರಿದ ಮೇಲೆ ಸ್ಟೀಲ್ ಪಾತ್ರೆಯಲ್ಲಿ ಬಿಳಿ ಕಲೆ ಉಳಿಯುವುದನ್ನು ಬೆಂಗಳೂರಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಮೈಕಾ ಮೇಲೆ ಕಂಡ ಜರೀಗಿಡ ಹೆಚ್ಚಾಗಿ ಅದೇ ಜಾತಿಯದು.

ಹಾಗಾದರೆ ಬರೀ ನೀರಿನಲ್ಲಿ ಕರಗಿಸಿದರೆ ಸಾಕೇ? ಸಾಲದು. ಹತ್ತು ಮೈಕ್ರೊಲೀಟರ್ ಹನಿ ಆವಿಯಾಗುತ್ತಾ 0.1 ಮೈಕ್ರೊಲೀಟರ್‌ಗೆ ಇಳಿದಾಗ, 10 ಮೈಕ್ರೊಮೋಲಾರ್ ಇದ್ದದ್ದು 1 ಮಿಲಿಮೋಲಾರ್ ಆಗಿರುತ್ತದೆ. ನಿಮ್ಮ ಅಣು ಒಟ್ಟುಗೂಡಲು ಬೇಕಾದ ಕನಿಷ್ಠ ಸಾಂದ್ರತೆ 100 ಮೈಕ್ರೊಮೋಲಾರ್ ಆಗಿದ್ದರೆ, ವಯಲ್‌ನಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದ ಅಣುಗಳು ಒಣಗುವ ಹಾದಿಯಲ್ಲಿ ಆ ಗಡಿ ದಾಟಿ ನಾರಾಗುತ್ತವೆ. ಆ ನಾರು ನಿಜ, ಚಿತ್ರವೂ ನಿಜ. ಆದರೆ “10 ಮೈಕ್ರೊಮೋಲಾರ್‌ನಲ್ಲಿ ನಾರು ಕಟ್ಟುತ್ತದೆ” ಎಂಬ ಮಾತು ಸುಳ್ಳು. ವಿದ್ಯಾರ್ಥಿಗಳು ಮತ್ತೆ ಮತ್ತೆ ಜಾರುವುದು ಇಲ್ಲೇ. ಉಪ್ಪು ಅಲ್ಲ, ಕಸ ಅಲ್ಲ, ನಮ್ಮದೇ ಅಣು ಎಂದು ಖಚಿತವಾದ ಕೂಡಲೇ ಪ್ರಶ್ನೆ ಮುಗಿಯಿತು ಎಂದುಕೊಳ್ಳುತ್ತಾರೆ. ಏನು ಎಂಬುದಕ್ಕೆ ಉತ್ತರ ಸಿಕ್ಕಿತು, ಯಾವಾಗ ಎಂಬುದು ಬಾಕಿಯೇ ಇದೆ.

ಉಂಗುರದ ಕಥೆ ಬೇರೆ. ಮೇಜಿನ ಮೇಲೆ ಚೆಲ್ಲಿದ ಫಿಲ್ಟರ್ ಕಾಫಿಯ ಹನಿ ಒಣಗಿದಾಗ ಅಂಚು ಮಾತ್ರ ಕಡುಕಂದಾಗುತ್ತದೆ. ಹನಿಯ ಅಂಚು ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ, ಆವಿ ಅಲ್ಲೇ ವೇಗವಾಗಿ ಏಳುತ್ತದೆ, ಕಳೆದ ನೀರನ್ನು ತುಂಬಲು ಒಳಗಿನ ದ್ರವ ಹೊರಕ್ಕೆ ಹರಿಯುತ್ತಾ ಕಣಗಳನ್ನೂ ಒಯ್ಯುತ್ತದೆ. 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಡೀಗನ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಹಾಗಾಗಿ ಒಣಗಿದ ಹನಿಯ ಅಂಚಿನಲ್ಲಿ ಒಂದು ಚಿತ್ರ, ನಡುವಿನಲ್ಲಿ ಇನ್ನೊಂದು ಚಿತ್ರ ಬರುತ್ತದೆ. ಯಾವ ಜಾಗದ ಚಿತ್ರ ಎಂದು ಬರೆದಿಡದಿದ್ದರೆ ಎರಡನ್ನೂ ಹೋಲಿಸುವ ಹಾಗಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಪಾಲಿಮರನ್ನು ಕ್ಲೋರೊಫಾರ್ಮ್‌ನಲ್ಲಿ ಕರಗಿಸಿ ಹನಿಸಿದಾಗ, ದ್ರಾವಕ ಬೇಗ ಆವಿಯಾಗಿ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರಿನ ಸಣ್ಣ ಹನಿಗಳು ಅಲ್ಲಿ ಕೂತು, ಒತ್ತೊತ್ತಾಗಿ ಜೋಡಿಸಿಕೊಂಡು, ಕೊನೆಗೆ ಆರಿಹೋಗುತ್ತವೆ. ಉಳಿಯುವುದು ಜೇನುಗೂಡಿನ ಹಾಗೆ ಜೋಡಿಸಿಟ್ಟ ತೂತುಗಳ ಸಾಲು. ನೋಡಲು ಬಹಳ ಸುಂದರ, ಅದನ್ನೇ ಬೇಕೆಂದು ಮಾಡುವವರೂ ಇದ್ದಾರೆ. ಆದರೆ ಜುಲೈನಲ್ಲಿ ಬಂದ ಜೇನುಗೂಡು ಮಾರ್ಚ್‌ನಲ್ಲಿ ಬರದೇ ಹೋದರೆ ಅಣುವನ್ನು ಬೈಯಬೇಡಿ. ಸ್ಯಾಂಪಲ್ ಮಾಡುವ ಮೇಜಿನ ಮೇಲೆ ಒಂದು ತೇವಮಾಪಕ ಇಡಿ, ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಿರಿ.

ಮೈಕಾ ಆಗಲಿ ಗ್ರಾಫೈಟ್ ಆಗಲಿ, ಹನಿ ಕೂರುವ ತಳವೂ ಸುಮ್ಮನಿರುವುದಿಲ್ಲ. ಗ್ರಾಫೈಟ್ ಮೇಲೆ ನಾರುಗಳು ಪರಸ್ಪರ 60 ಡಿಗ್ರಿ ಕೋನದಲ್ಲಿ ಮೂರೇ ದಿಕ್ಕಿಗೆ ಮಲಗಿದ್ದರೆ, ಜೋಡಣೆಯಲ್ಲಿ ಗ್ರಾಫೈಟ್‌ನ ಪರಮಾಣು ಜಾಲರಿಯ ಕೈ ಇದೆ ಎಂದರ್ಥ. ಆಗ ಅದು ಮೇಲ್ಮೈಯಲ್ಲಿ ಆದ ಜೋಡಣೆ, ದ್ರಾವಣದ್ದೆಂದು ಬರೆಯಬಾರದು. ಅಣುವೇ ಇಲ್ಲದೆಯೂ ಗ್ರಾಫೈಟ್ ಮೋಸ ಮಾಡಬಲ್ಲದು. 1991ರಲ್ಲಿ ಕ್ಲೆಮರ್ ಮತ್ತು ಬೀಬ್ ಎಂಬ ಸಂಶೋಧಕರು ಏನನ್ನೂ ಹಾಕದ ಬರೀ ಗ್ರಾಫೈಟನ್ನು ಎ.ಎಫ್.ಎಂ.ನ ಸೋದರ ಯಂತ್ರವಾದ ಎಸ್.ಟಿ.ಎಂ.ನಲ್ಲಿ (ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೊಸ್ಕೋಪ್) ನೋಡಿ, ಡಿ.ಎನ್.ಎ. ಸುರುಳಿಯಂತೆಯೇ ಕಾಣುವ ರಚನೆಗಳನ್ನು ತೋರಿಸಿದರು. ಅಲ್ಲಿಯವರೆಗೆ ಗ್ರಾಫೈಟ್ ಮೇಲೆ ಡಿ.ಎನ್.ಎ. ಕಂಡೆವು ಎಂದಿದ್ದವರೆಲ್ಲ ತಮ್ಮ ಚಿತ್ರಗಳನ್ನು ಮತ್ತೊಮ್ಮೆ ನೋಡಬೇಕಾಯಿತು. ಖಾಲಿ ತಳದ ಚಿತ್ರ ತೆಗೆಯಿರಿ ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ಒಣಗಲು ಬಿಡುವ ಬದಲು ಏನು ಮಾಡಬೇಕು? ಮೊದಲು ಮೈಕಾದ ಮೇಲ್ಪದರ ಕಿತ್ತು ಹೊಸ ಮೇಲ್ಮೈ ತೆಗೆಯಿರಿ. ಸೆಲ್ಲೋಟೇಪ್ ಒತ್ತಿ ಎಳೆದಾಗ ಟೇಪಿನ ಮೇಲೆ ಪದರ ಹರಿಯದೆ ಇಡಿಯಾಗಿ ಬಂದಿರಬೇಕು. ಅರ್ಧಂಬರ್ಧ ಬಂದಿದ್ದರೆ ಇನ್ನೊಮ್ಮೆ ಎಳೆಯಿರಿ. ತಕ್ಷಣ 10ರಿಂದ 20 ಮೈಕ್ರೊಲೀಟರ್ ಹನಿಸಿ, ಎರಡರಿಂದ ಐದು ನಿಮಿಷ ಕಾಯಿರಿ. ಹನಿ ಆರಬಾರದು. ಮೈಕಾವನ್ನು ವಾರೆಯಾಗಿ ಹಿಡಿದು, ಒಂದು ಮಿಲಿಲೀಟರ್ ಶುದ್ಧ ನೀರನ್ನು ಮೇಲಿನ ಅಂಚಿನಿಂದ ನಿಧಾನವಾಗಿ ಹರಿಯಬಿಡಿ, ಹನಿಯ ಮೇಲೆ ನೇರ ಬೀಳದಿರಲಿ. ಕೆಳಗಿನ ಅಂಚಿಗೆ ಫಿಲ್ಟರ್ ಪೇಪರ್ ತಾಗಿಸಿ ನೀರು ಹೀರಿ, ನೈಟ್ರೋಜನ್ ಮೆಲ್ಲಗೆ ಊದಿ. ಜೋರಾಗಿ ಊದಿದರೆ ಹಿಂದೆ ಸರಿಯುವ ನೀರಿನ ಅಂಚು ನಾರುಗಳನ್ನು ಬಾಚಣಿಗೆಯಲ್ಲಿ ಬಾಚಿದಂತೆ ಒಂದೇ ಕಡೆ ಎಳೆದು ಮಲಗಿಸುತ್ತದೆ. ಕತ್ತರಿಯಲ್ಲಿ ಕತ್ತರಿಸಿದ ಮೈಕಾದ ಅಂಚಿನ ಪದರಗಳ ಸಂದಿಯಲ್ಲಿ ಬಫರ್ ನುಗ್ಗಿ ಕೂತು, ಆಮೇಲೆ ಮೆಲ್ಲಗೆ ಹೊರಬರುವುದೂ ಉಂಟು. ಅದಕ್ಕೆ ಹನಿಯನ್ನು ಅಂಚಿನಿಂದ ದೂರ, ನಡುವಿನಲ್ಲೇ ಇಡಿ.

ತೊಳೆದರೆ ಎಲ್ಲ ಹೋಗಿಬಿಡುತ್ತದೆ ಎಂದು ಹೆದರುತ್ತಾರೆ. ಹೋಗಬಹುದು, ಅದಕ್ಕೆ ಕಾರಣವೂ ಇದೆ. ನೀರಿನಲ್ಲಿ ಮೈಕಾ ಋಣ ಆವೇಶದ್ದು, ಡಿ.ಎನ್.ಎ. ಕೂಡ ಹಾಗೆಯೇ. ನಡುವೆ ಕೈ ಹಿಡಿದುಕೊಳ್ಳಲು ಮೆಗ್ನೀಷಿಯಂ ಅಥವಾ ನಿಕಲ್ ಅಯಾನು ಕೆಲವು ಮಿಲಿಮೋಲಾರ್‌ನಷ್ಟು ಬೇಕು. 2006ರಲ್ಲಿ ಪಾಲ್ ರೋಥೆಮಂಡ್ ಪ್ರಕಟಿಸಿದ ಡಿ.ಎನ್.ಎ. ಒರಿಗಾಮಿ (ಡಿ.ಎನ್.ಎ. ಎಳೆಯನ್ನು ಮಡಿಸಿ ಬೇಕಾದ ಆಕಾರ ಮಾಡುವುದು) ಕೆಲಸದಲ್ಲಿ ಬಫರ್‌ನ ಮೆಗ್ನೀಷಿಯಂ 12.5 ಮಿಲಿಮೋಲಾರ್ ಇತ್ತು, ಚಿತ್ರಗಳನ್ನು ಬಫರ್‌ನೊಳಗೇ ತೆಗೆದಿದ್ದರು. ನಿಮ್ಮ ಅಣುವಿನ ಆವೇಶ ಯಾವುದು ಎಂದು ನೋಡಿ ತಳ ಆರಿಸಿಕೊಳ್ಳಿ.

ಜೊತೆಗೆ ಮೂರು ಸ್ಯಾಂಪಲ್ ತನ್ನಿ. ಅಣುವಿಲ್ಲದ ಬಫರ್ ಒಂದು, ನಿಮ್ಮ ದ್ರಾವಣ ಒಂದು, ಅದನ್ನೇ ಹತ್ತು ಪಟ್ಟು ತೆಳುಮಾಡಿದ್ದು ಒಂದು. ಮೂರಕ್ಕೂ ಅದೇ ಗಾತ್ರದ ಹನಿ, ಅಷ್ಟೇ ಹೊತ್ತು, ಅಷ್ಟೇ ನೀರು. ನಾರು ದ್ರಾವಣದಲ್ಲೇ ಇದ್ದದ್ದಾದರೆ ತೆಳುಮಾಡಿದಾಗ ಎಣಿಕೆ ಕಡಿಮೆಯಾಗಬೇಕು, ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯಬೇಕು. ಆಕಾರವೇ ಬದಲಾದರೆ ಅನುಮಾನ ಪಡಿ. ಇದೂ ಪೂರ್ತಿ ಖಾತ್ರಿಯ ಪರೀಕ್ಷೆ ಅಲ್ಲ. ತೆಳುಮಾಡಿದಾಗ ನಿಜವಾದ ನಾರೂ ಕರಗಿಹೋಗಬಹುದು, ಅದಕ್ಕೆ ಹೊತ್ತೂ ಹಿಡಿಯಬಹುದು. ದ್ರವದೊಳಗೇ ಸ್ಕ್ಯಾನ್ ಮಾಡುವುದು ಇದಕ್ಕಿಂತ ಗಟ್ಟಿ ಸಾಕ್ಷ್ಯ. ಗಾಳಿಯಲ್ಲಿ ಬಳಸುವ, ಮೀಟರಿಗೆ 40 ನ್ಯೂಟನ್ ಬಿಗಿಯ ಕ್ಯಾಂಟಿಲಿವರ್ (ಟಿಪ್ ಹೊತ್ತ ಸಣ್ಣ ಪಟ್ಟಿ) ಅಲ್ಲಿ ಬೇಡ, 0.1ರಿಂದ 0.3 ಸಾಕು. ದ್ರವ ಹಾಕಿ ಇಪ್ಪತ್ತು ಮೂವತ್ತು ನಿಮಿಷ ಉಷ್ಣತೆ ನೆಲೆಗೊಳ್ಳಲು ಬಿಡಿ, ಇಲ್ಲದಿದ್ದರೆ ಚಿತ್ರ ಜಾರುತ್ತಾ ಹೋಗಿ ನೇರ ನಾರೂ ಬಾಗಿದಂತೆ ಕಾಣುತ್ತದೆ. ದ್ರವದಲ್ಲಿ ಕಂಡರೂ ತಳದ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ದ್ರಾವಣದ ಬೆಳಕಿನ ಚದುರಿಕೆಯ ಅಳತೆಯೋ ಕ್ರಯೊ ಇ.ಎಂ. (ದ್ರಾವಣವನ್ನು ಥಟ್ಟನೆ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೊಸ್ಕೋಪ್‌ನಲ್ಲಿ ನೋಡುವುದು) ಚಿತ್ರವೋ ಪಕ್ಕದಲ್ಲಿ ಇರಲಿ.

ಅಗಲದ ಬಗ್ಗೆ ಒಂದೇ ಮಾತು. ಎರಡು ನ್ಯಾನೊಮೀಟರ್ ವ್ಯಾಸದ ಡಿ.ಎನ್.ಎ.ಯನ್ನು ಎಂಟು ನ್ಯಾನೊಮೀಟರ್ ತ್ರಿಜ್ಯದ ಟಿಪ್‌ನಲ್ಲಿ ನೋಡಿದರೆ ಟಿಪ್‌ನ ದಪ್ಪವೂ ಸೇರಿ ಅದು ಸುಮಾರು ಹನ್ನೊಂದು ನ್ಯಾನೊಮೀಟರ್ ಅಗಲ ಕಾಣುತ್ತದೆ. ಎತ್ತರ ಅಳೆಯಿರಿ.

ಮುಂದಿನ ಸಲ ಸ್ಯಾಂಪಲ್ ಡಬ್ಬಿಯ ಮೇಲೆ ಬರೀ ಹೆಸರು, ತಾರೀಖು ಬರೆದು ತರಬೇಡಿ. ದ್ರಾವಕ, ಸಾಂದ್ರತೆ, ಹನಿಯ ಗಾತ್ರ, ಎಷ್ಟು ನಿಮಿಷ ಬಿಟ್ಟಿರಿ, ತೊಳೆದಿರೋ ಇಲ್ಲವೋ, ಆ ಹೊತ್ತಿನ ತೇವ ಎಷ್ಟಿತ್ತು, ಇಷ್ಟನ್ನೂ ಬರೆಯಿರಿ. ಬಫರ್ ಮಾತ್ರ ಹಾಕಿದ ಡಬ್ಬಿಯನ್ನು ಮೊದಲು ಕೊಡಿ, ಸ್ಕ್ಯಾನ್ ಅದರಿಂದಲೇ ಶುರುಮಾಡೋಣ.