ಕುಣಿಯಲೆಂದೇ ಕಟ್ಟಿದ ಪ್ರಾರ್ಥನಾ ಮಂದಿರ

ಆ ಹಾಲ್‌ನ ಫೋಟೋ ಮೊದಲ ಸಲ ನೋಡಿದಾಗ ನಾನು ಹುಡುಕಿದ್ದು ಕಂಬ. ಒಂದೂ ಇಲ್ಲ. ಸುಮಾರು 60 ಅಡಿ ಉದ್ದ, 44 ಅಡಿ ಅಗಲ, ಮೇಲೆ ಇನ್ನೊಂದು ಮಹಡಿ ಬೇರೆ. ಆದರೂ ಕೆಳಗೆ ಈ ಗೋಡೆಯಿಂದ ಆ ಗೋಡೆವರೆಗೆ ಬರೀ ಖಾಲಿ ನೆಲ. ಅದೂ ಮರದ ಕಟ್ಟಡ, ಕಟ್ಟಿದ್ದು 1820ರಲ್ಲಿ!

ಇದು ಅಮೆರಿಕದ ಕೆಂಟಕಿ ರಾಜ್ಯದ ಪ್ಲೆಸೆಂಟ್ ಹಿಲ್ ಎಂಬ ಊರಿನ ಪ್ರಾರ್ಥನಾ ಮಂದಿರ. ಶೇಕರ್ ಎಂಬ ಕ್ರೈಸ್ತ ಪಂಗಡದವರು 1805ರಿಂದ ಈ ಊರಲ್ಲಿ ನೆಲೆಸಿದರು. ಇವರ ಗುರು ಆ್ಯನ್ ಲೀ, 1774ರಲ್ಲಿ ಇಂಗ್ಲೆಂಡ್ ಬಿಟ್ಟು ಬಂದ ಹೆಣ್ಣುಮಗಳು. ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ಗಂಡು ಹೆಣ್ಣು ಸಮಾನ. ಮತ್ತೆ ಇವರ ಪೂಜೆ ಅಂದರೆ ಹಾಡು ಮತ್ತು ಕುಣಿತ. ಮೈಯೆಲ್ಲ ನಡುಗುವ ಹಾಗೆ ಕುಣಿಯುತ್ತಿದ್ದರು, ಹೆಸರು ಬಂದದ್ದೇ ಅದರಿಂದ.

ಈಗ ಇದನ್ನು ಕಟ್ಟುವವರ ಕಷ್ಟ ಯೋಚಿಸಿ. ನೂರಾರು ಜನ ಸಾಲುಗಟ್ಟಿ ಕುಣಿಯಬೇಕು, ಹಾಗಾಗಿ ನಡುವೆ ಕಂಬ ಇರುವ ಹಾಗಿಲ್ಲ. ನಮ್ಮ ದೇವಸ್ಥಾನದ ನವರಂಗದಲ್ಲಿ ಅಷ್ಟೊಂದು ಕಂಬ ಯಾಕೆ ಅಂದರೆ, ಕಲ್ಲು ಅದುಮಿದರೆ ಚೆನ್ನಾಗಿ ತಡೆಯುತ್ತದೆ, ಆದರೆ ಎಳೆತವನ್ನು ಅಷ್ಟಾಗಿ ತಡೆಯುವುದಿಲ್ಲ. ಉದ್ದದ ಕಲ್ಲಿನ ತೊಲೆಗೆ ಜಾಸ್ತಿ ಭಾರ ಬಿದ್ದರೆ ಅಡಿಭಾಗ ಎಳೆದುಕೊಂಡು ಬಿರುಕು ಬಿಡುತ್ತದೆ. ಮರ ಎರಡನ್ನೂ ತಡೆಯುತ್ತದೆ. ನಾಲ್ಕು ಕಡ್ಡಿ ಸೇರಿಸಿ ಚೌಕ ಮಾಡಿ ನೋಡಿ, ಒತ್ತಿದರೆ ವಾಲುತ್ತದೆ; ಮೂರು ಕಡ್ಡಿಯ ತ್ರಿಕೋನ ಅಲುಗುವುದಿಲ್ಲ. ಶೇಕರ್‌ಗಳು ಸೂರಿನೊಳಗೆ ಮರದ ತೊಲೆಗಳನ್ನು ಹೀಗೇ ಒಂದಕ್ಕೊಂದು ಹೆಣೆದು, ಮೇಲಿನ ಭಾರವನ್ನೆಲ್ಲ ಅಕ್ಕಪಕ್ಕದ ಗೋಡೆಗಳಿಗೆ ದಾಟಿಸಿಬಿಟ್ಟರು. ಎಂಥ ಲೆಕ್ಕ ನೋಡಿ!

ನೆಲದ್ದು ಬೇರೆಯೇ ಸಮಸ್ಯೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಸುಮ್ನೆ ಮೆಲ್ಲಗೆ ತಳ್ಳುತ್ತಾ ಹೋದರೂ ಅದು ಮೇಲಕ್ಕೇರುತ್ತದೆ, ಅಲ್ವಾ? ನೂರಾರು ಕಾಲು ಒಂದೇ ತಾಳಕ್ಕೆ ಬಿದ್ದಾಗ ಮರದ ನೆಲಕ್ಕೂ ಅದೇ ಆಗಬಹುದು. ಅದಕ್ಕೇ ನೆಲವನ್ನೂ ಅಡಿಪಾಯವನ್ನೂ ಕುಣಿತ ತಡೆಯುವ ಹಾಗೆ ಭದ್ರವಾಗಿ ಕಟ್ಟಿದರು.

ಊರಿನ ನಕ್ಷೆ ಹಾಕಿ, ಮುಖ್ಯ ಕಟ್ಟಡಗಳನ್ನು ಕಟ್ಟಿಸಿದವರು ಮಿಕಾಜಾ ಬರ್ನೆಟ್. ಅಪ್ಪ ಅಮ್ಮನ ಜೊತೆ ಹುಡುಗನಾಗಿ ಬಂದವರು ಇವರು. 1839ರ ಸುಮಾರಿಗೆ ಇನ್ನೊಂದು ಕಟ್ಟಡದಲ್ಲಿ ಅವರು ಮಾಡಿದ ಎರಡು ಸುರುಳಿ ಮೆಟ್ಟಿಲು ನನಗೆ ಬಹಳ ಇಷ್ಟ. ಎದುರುಬದುರು ಹೊರಟು, ಹಬ್ಬಿದ ಬಳ್ಳಿಯ ಹಾಗೆ ತಿರುಗುತ್ತಾ ಮೂರನೇ ಅಂತಸ್ತಿಗೆ ಹೋಗುತ್ತವೆ. ಮನೆಗಳಲ್ಲಿ ಗಂಡಸರಿಗೊಂದು ಬಾಗಿಲು, ಹೆಂಗಸರಿಗೊಂದು. ಕೋಣೆಯ ಗೋಡೆಯುದ್ದಕ್ಕೂ ಮರದ ಗೂಟಗಳ ಸಾಲು. ಗುಡಿಸುವಾಗ ಕುರ್ಚಿಯನ್ನೇ ಎತ್ತಿ ಗೂಟಕ್ಕೆ ನೇತುಹಾಕುತ್ತಿದ್ದರು. 1833ರಲ್ಲೇ ಊರಿಗೆ ಕೊಳಾಯಿ ನೀರು ಬಂತು: ಒರತೆಯ ನೀರನ್ನು ಕುದುರೆ ಪಂಪಿನಿಂದ ಎತ್ತರದ ತೊಟ್ಟಿಗೆ ಏರಿಸಿದರು, ಅಲ್ಲಿಂದ ಇಳಿಜಾರಿನಲ್ಲಿ ಅದು ತಾನಾಗೇ ಅಡುಗೆಮನೆಗೆ ಹರಿಯಿತು.

ಮದುವೆಯೇ ಇಲ್ಲದ್ದರಿಂದ ಮಕ್ಕಳು ಹುಟ್ಟದ ಪಂಗಡ. ಹೊಸಬರು ಸೇರುವುದು ನಿಂತಂತೆ ಊರು ಕರಗಿತು, 1910ರಲ್ಲಿ ಮುಚ್ಚಿತು. ಒಂದು ಕಾಲದಲ್ಲಿ 260ಕ್ಕೂ ಹೆಚ್ಚು ಕಟ್ಟಡಗಳಿದ್ದವು, ಈಗ 34 ಉಳಿದಿವೆ. ಅವನ್ನು ಉಳಿಸುವ ಕೆಲಸ 1961ರಲ್ಲಿ ಶುರುವಾಯಿತು. ಆಗ ಹೆದ್ದಾರಿ ಊರಿನ ಮಧ್ಯದಲ್ಲೇ ಹಾದುಹೋಗುತ್ತಿತ್ತು. ಕಟ್ಟಡ ಒಡೆದು ರಸ್ತೆ ಅಗಲ ಮಾಡಲಿಲ್ಲ, ಹೆದ್ದಾರಿಯನ್ನೇ ಊರಾಚೆಗೆ ಸರಿಸಿದರು. ಹಳೇ ರಸ್ತೆಯಲ್ಲಿ ಈಗ ಜನ ನಡೆದುಕೊಂಡೇ ಮನೆಯಿಂದ ಮನೆಗೆ ಹೋಗಿ ನೋಡುತ್ತಾರೆ.