ಕೌನ್ಸೆಲಿಂಗ್ ಕೋಣೆಯಿಂದ ಬಿಇಒ ಕಚೇರಿವರೆಗೆ

ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವರು ನನ್ನನ್ನು ಆಗಾಗ ಕೇಳುತ್ತಾರೆ: "ಮೇಡಂ, ಶಾಲೆಯ ಕೆಲಸ ಬಿಟ್ಟು ವಿಶೇಷ ಅಗತ್ಯದ ಮಕ್ಕಳ ಹಕ್ಕಿನ ಕೆಲಸಕ್ಕೆ ಬಂದ್ರಲ್ಲ, ಅದಕ್ಕೆ ಎಲ್‌ಎಲ್‌ಬಿ ಬೇಕಾ?" ಬೇಡ. ಆದರೆ ಕಾಯ್ದೆಯನ್ನು ಕೂತು ಓದಲೇಬೇಕು.

ಶಾಲೆಯಲ್ಲಿ ನಮ್ಮ ಹತ್ತಿರ ಬರುವ ಮಕ್ಕಳಲ್ಲಿ ಒಂದು ಬಗೆ ಇದು. ಓದುವಾಗ ಒತ್ತಕ್ಷರ ಬಿಟ್ಟುಹೋಗುತ್ತದೆ. 'ಮ' ಇರುವಲ್ಲಿ 'ವ' ಬರುತ್ತದೆ. ಬಾಯಲ್ಲಿ ಕೇಳಿದರೆ ಉತ್ತರ ಸರಿ, ಬರೆಯಲು ಕೂತರೆ ಎರಡು ಸಾಲು ದಾಟುವುದಿಲ್ಲ. ಮನೆಯಲ್ಲಿ ಸೋಮಾರಿ ಅಂತಾರೆ, ತರಗತಿಯಲ್ಲಿ ದಡ್ಡ ಅಂತಾರೆ. ನಾವು ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸುತ್ತೇವೆ. ಆಮೇಲೆ ಬುದ್ಧಿಶಕ್ತಿ, ಓದು, ಬರಹ, ಲೆಕ್ಕ ನೋಡುತ್ತೇವೆ. ಮನೆಮಾತು ಕನ್ನಡವೋ ಉರ್ದುವೋ ಆಗಿರುವ ಮಗುವನ್ನು ಬರೀ ಇಂಗ್ಲಿಷಿನಲ್ಲಿ ಪರೀಕ್ಷಿಸಿ ತೀರ್ಮಾನಕ್ಕೆ ಬರುವುದು ಅನ್ಯಾಯ. ಕೊನೆಗೆ, ಇದು ಕಲಿಕಾ ನ್ಯೂನತೆಯೋ (ಬುದ್ಧಿ ಸರಿಯಿದ್ದೂ ಓದು, ಬರಹ, ಲೆಕ್ಕ ಕಷ್ಟವಾಗುವುದು) ಅಲ್ಲವೋ ಎಂದು ವರದಿ ಬರೆಯುತ್ತೇವೆ.

ಆ ವರದಿ ಬೀರು ಸೇರುತ್ತದೆ. ಮುಂದಿನ ವರ್ಷ ಟೀಚರ್ ಬದಲಾಗುತ್ತಾರೆ, ಮಗು ಮತ್ತೆ ಮೊದಲಿನಿಂದ ಬೈಸಿಕೊಳ್ಳುತ್ತದೆ. ನಾನಿದ್ದ ಒಂದು ಶಾಲೆಯಲ್ಲಿ "ಬೇರೆ ಶಾಲೆ ನೋಡಿಕೊಳ್ಳಿ ಅಂತ ಪೋಷಕರಿಗೆ ಮೆಲ್ಲಗೆ ಹೇಳಿ" ಎಂದು ನನ್ನನ್ನೇ ಕಳಿಸುತ್ತಿದ್ದರು. ಸಂಬಳ ಕೊಡುವವರ ಮಾತು ಮೀರುವುದು ಸುಲಭವಲ್ಲ, ಆದರೆ ಆ ಕೆಲಸ ನನ್ನಿಂದ ಆಗಲಿಲ್ಲ. ಹೊರಗೆ ಬಂದೆ.

ಕಾಯ್ದೆ ಏನು ಹೇಳುತ್ತದೆ? 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದದ್ದು 7 ಬಗೆಯ ನ್ಯೂನತೆ. ಕಲಿಕಾ ನ್ಯೂನತೆ ಅದರಲ್ಲಿ ಇರಲೇ ಇಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿತು, ಕಲಿಕಾ ನ್ಯೂನತೆಯೂ ಸೇರಿತು. ಅದರ 16ನೇ ಸೆಕ್ಷನ್ ನನಗೆ ತುಂಬ ಮುಖ್ಯ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕಂತೆ ಕಲಿಸಬೇಕು ಎಂದು ಅದು ಹೇಳುತ್ತದೆ. ಅಂದರೆ ನ್ಯೂನತೆಯ ಸರ್ಟಿಫಿಕೇಟ್ ಬರುವವರೆಗೆ ಸುಮ್ನೆ ಕೂರುವ ಹಾಗಿಲ್ಲ. 17ನೇ ಸೆಕ್ಷನ್‌ನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಎಲ್ಲದರ ಹೆಸರೂ ಇದೆ. ಟಿ.ಸಿ. ಕೊಟ್ಟು ಕಳಿಸುವ ವಿಚಾರಕ್ಕೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅಲ್ಲಿ 2016ರ ಕಾಯ್ದೆಯನ್ನೇ ಹಿಡಿಯಬೇಕು.

ಈಗ ನನ್ನ ಕೆಲಸದಲ್ಲಿ ಜಾಸ್ತಿ ಪಾಲು ಪತ್ರ ಬರೆಸುವುದು. ಪೋಷಕರಿಗೆ ಶಾಲೆಯಿಂದ ಸಿಗುವುದು ಬಾಯಿಮಾತಿನ ಉತ್ತರ. "ಬರಹದಲ್ಲಿ ಕೊಡಿ ಸಾರ್" ಎಂದು ಕೇಳಲು ಹೇಳಿಕೊಡುತ್ತೇನೆ. ಅವರ ಮನವಿಯ ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಖು ಬೀಳಬೇಕು. ಮುಖ್ಯೋಪಾಧ್ಯಾಯರಿಂದ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಆಮೇಲೆ ಜಿಲ್ಲೆಯ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು), ಕೊನೆಗೆ ಅಂಗವಿಕಲರ ರಾಜ್ಯ ಆಯುಕ್ತರು. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯುಕ್ತರಿಗೆ ಸಿವಿಲ್ ಕೋರ್ಟಿನಂಥ ಅಧಿಕಾರ ಇದೆ. ಅಲ್ಲಿ ತಂದೆತಾಯಿಯೇ ದೂರು ಕೊಡಬಹುದು.

ವರದಿ ಬರೆಯುವ ರೀತಿಯೂ ಬದಲಾಗಬೇಕು. "ಮಗುವಿಗೆ ಪ್ರೋತ್ಸಾಹ ಬೇಕು" ಎಂದು ಬರೆದರೆ ಟೀಚರ್ ಏನು ಮಾಡಬೇಕು, ಹೇಳಿ? ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ ಕೊಡಿ. ಬೋರ್ಡಿನಿಂದ ನಕಲು ಮಾಡಿಸುವ ಬದಲು ಅಚ್ಚಾದ ನೋಟ್ಸ್ ಕೊಡಿ. ವಿಜ್ಞಾನದಲ್ಲಿ ಕಾಗುಣಿತದ ತಪ್ಪಿಗೆ ಅಂಕ ಕಳೆಯಬೇಡಿ. ಹೀಗೆ ಬರೆದರೆ ನಾಳೆಯಿಂದಲೇ ಮಾಡಬಹುದು, ಮಾಡದಿದ್ದರೆ ಕೇಳಲೂಬಹುದು.

ಟೀಚರ್‌ಗಳನ್ನು ಎದುರಾಳಿ ಮಾಡಿಕೊಳ್ಳಬೇಡಿ. ತುಂಬಿದ ತರಗತಿಯಲ್ಲಿ ಅವರು ಒಬ್ಬರೇ. ವಿಶೇಷ ಅಗತ್ಯವಿರುವ ಮಕ್ಕಳಲ್ಲಿ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಆದರೆ ನಮ್ಮ ಸರ್ಕಾರಿ ಶಾಲೆಗಳ ಬಿಐಇಆರ್‌ಟಿಗಳು (ಬ್ಲಾಕ್ ಮಟ್ಟದ ವಿಶೇಷ ಶಿಕ್ಷಕರು) ಊರೂರು ಸುತ್ತುತ್ತಾ ಇರುತ್ತಾರೆ.

ಈ ದಾರಿಗೆ ಬರುವವರು ಒಂದು ಗೆರೆ ದಾಟಬಾರದು. ಯಾವ ಮಗುವಿನ ಪರವಾಗಿ ವಾದಿಸುತ್ತೀರೋ ಆ ಮಗುವಿನ ಮೌಲ್ಯಮಾಪನ ನೀವೇ ಮಾಡಬೇಡಿ. ಎರಡಕ್ಕೂ ನೀವೇ ಕೂತರೆ ವರದಿಯನ್ನು ಯಾರೂ ನಂಬುವುದಿಲ್ಲ. ಕೆಲಸ ಕಲಿಯಲು ಒಳ್ಳೆಯ ವಿಶೇಷ ಶಿಕ್ಷಕರೊಬ್ಬರ ಜೊತೆ ಸ್ವಲ್ಪ ಕಾಲ ತರಗತಿಯಲ್ಲೇ ಇರಿ. ಎಸ್ಸೆಸ್ಸೆಲ್ಸಿ ರಿಯಾಯಿತಿ ಕೇಳಿಕೊಂಡು ಪೋಷಕರು ಬರುವುದು ಪರೀಕ್ಷೆ ಹತ್ತಿರವಾದಾಗ. ವೈದ್ಯಕೀಯ ಪ್ರಮಾಣಪತ್ರ ಸಿಗಲು, ಅರ್ಜಿ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿ ತಲುಪಲು ದಿನ ಹಿಡಿಯುತ್ತದೆ. ಮಗು 9ನೇ ತರಗತಿಯಲ್ಲಿ ಇರುವಾಗಲೇ ಆ ಮನೆಗೆ ನೀವಾಗಿ ಫೋನ್ ಮಾಡಿ.