ನೀರು ಗುಲಾಬಿಯಾದ ಮೇಲೆ

ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು, ದುಡ್ಡು ಕೇಳುತ್ತಿದ್ದಾರೆಂದು ಶಿರಾ ಕಡೆಯ ರೈತರೊಬ್ಬರು ತುಮಕೂರಿನ ನನ್ನ ವಕೀಲಿ ಕಚೇರಿಗೆ ಬಂದಿದ್ದರು. ‘ಲೋಕಾಯುಕ್ತಕ್ಕೆ ಬರ್ಕೊಡಿ ಸಾರ್, ನಾಳೆನೇ ಹಿಡೀಲಿ’ ಅಂದರು.

ಲಂಚ ಕೇಳಿದ್ದರೆ ನೇರವಾಗಿ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಬಳಿ ಹೋಗಬೇಕು. ನೋಟಿಗೆ ಫಿನಾಫ್ತಲೀನ್ ಪುಡಿ ಸವರಿ, ಪಂಚರ (ಸಾಕ್ಷಿಗಳ) ಎದುರು ಟ್ರ್ಯಾಪ್ ಮಾಡುತ್ತಾರೆ, ಅಂದರೆ ಲಂಚ ಪಡೆಯುವಾಗಲೇ ಹಿಡಿಯುತ್ತಾರೆ. ನೋಟು ಮುಟ್ಟಿದ ಕೈಯನ್ನು ಸೋಡಾ ದ್ರಾವಣದಲ್ಲಿ ತೊಳೆಸಿದರೆ ನೀರು ಗುಲಾಬಿಯಾಗುತ್ತದೆ. ನ್ಯಾಯಾಲಯಕ್ಕೆ ಅಷ್ಟೇ ಸಾಲದು. ಹಣ ಕೇಳಿದ್ದೂ ರುಜುವಾಗಬೇಕು. ಹಾಗಾಗಿ ಫೋನ್ ಮಾತುಕತೆ ಅಳಿಸಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ದುಡ್ಡು ಕೇಳದೆ ಕಡತವನ್ನಷ್ಟೇ ಕೂರಿಸಿದ್ದರೆ ದಾರಿ ಬೇರೆ. ಲೋಕಾಯುಕ್ತ ಸಂಸ್ಥೆಗೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ ಕೊಡಬೇಕು. ಇಂಥ ಕುಂದುಕೊರತೆಯ ದೂರನ್ನು ವಿಷಯ ತಿಳಿದ 6 ತಿಂಗಳೊಳಗೆ ಸಲ್ಲಿಸಬೇಕು, ಭ್ರಷ್ಟಾಚಾರದ ಆಪಾದನೆಗಾದರೆ ಕೃತ್ಯ ನಡೆದ ದಿನದಿಂದ 5 ವರ್ಷವಿದೆ. ತಾಲ್ಲೂಕು ಕಚೇರಿಯ ನೌಕರರ ಮೇಲಿನ ದೂರು ಉಪಲೋಕಾಯುಕ್ತರ ಮುಂದೆ ಹೋಗುತ್ತದೆ.

ಜನರಿಗೆ ಕಾಣುವುದು ದಾಳಿ. ನನ್ನನ್ನು ಕಾಡುವುದು ಅದರ ನಂತರದ ಕೆಲಸ ಮಾಡುವವರು ಯಾರು ಎಂಬುದು. 1984ರ ಕಾಯ್ದೆಯಡಿ ಹುಟ್ಟಿದ ಈ ಸಂಸ್ಥೆಗೆ ತಾನೇ ನೇಮಿಸಿಕೊಂಡ ಪೊಲೀಸರಿಲ್ಲ. ಇನ್‌ಸ್ಪೆಕ್ಟರ್‌ಗಳು ಪೊಲೀಸ್ ಇಲಾಖೆಯಿಂದ ನಿಯೋಜನೆಯ ಮೇಲೆ ಬರುತ್ತಾರೆ, ವಿಚಾರಣೆಗೆ ನ್ಯಾಯಾಂಗದ ಅಧಿಕಾರಿಗಳು ಬರುತ್ತಾರೆ, ಹಣ ರಾಜ್ಯ ಬಜೆಟ್ಟಿನಿಂದ ಬರುತ್ತದೆ. ಯಾರನ್ನು ತನಿಖೆ ಮಾಡಬೇಕೋ ಆ ಸರ್ಕಾರವೇ ಜನವನ್ನೂ ಹಣವನ್ನೂ ಕೊಡಬೇಕು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ, ಲೋಕಾಯುಕ್ತ ಪೊಲೀಸರ ಅಧಿಕಾರವನ್ನೇ ಕಿತ್ತುಕೊಂಡಿತ್ತು. 2022ರ ಆಗಸ್ಟ್ 11ರಂದು ಹೈಕೋರ್ಟ್ ಆ ದಳವನ್ನು ರದ್ದು ಮಾಡಿದ ಮೇಲೆಯೇ ಆ ಅಧಿಕಾರ ಮರಳಿದ್ದು. ಖಾಲಿ ಹುದ್ದೆಗಳನ್ನು ತುಂಬದಿದ್ದರೂ ಫಲ ಬಹುತೇಕ ಅದೇ. ಯಾರೂ ಆದೇಶ ಹೊರಡಿಸಬೇಕಿಲ್ಲ.

ಆಪಾದನೆ ರುಜುವಾದರೆ ಕ್ರಮಕ್ಕೆ ಶಿಫಾರಸು ಹೋಗುತ್ತದೆ. ಏನು ಮಾಡಿದೆ ಎಂದು ಸಂಬಂಧಪಟ್ಟ ಪ್ರಾಧಿಕಾರ 3 ತಿಂಗಳೊಳಗೆ ತಿಳಿಸಬೇಕು. ತೃಪ್ತಿಯಾಗದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಕೊಡಬಹುದು. ಶಿಕ್ಷಿಸುವ ಅಧಿಕಾರ ಮಾತ್ರ ಲೋಕಾಯುಕ್ತರಿಗಿಲ್ಲ. ಇದನ್ನು ಹೇಳಿದಾಗ ಎಷ್ಟೋ ಕಕ್ಷಿದಾರರ ಮುಖ ಬಾಡಿದ್ದನ್ನು ಕಂಡಿದ್ದೇನೆ.

ಆ ರೈತರು ಅಂದೇ ಮಧ್ಯಾಹ್ನ ಠಾಣೆಗೆ ಹೋದರು. ಟ್ರ್ಯಾಪ್ ಸರಿಯಾಗಿಯೇ ನಡೆಯಿತು. ಪ್ರಕರಣ ಈಗ ಸಾಕ್ಷಿ ವಿಚಾರಣೆಯ ಹಂತದಲ್ಲಿದೆ. ಟ್ರ್ಯಾಪ್ ಮಾಡಿದ ಇನ್‌ಸ್ಪೆಕ್ಟರ್ ವರ್ಗವಾಗಿ ಬೇರೆ ಜಿಲ್ಲೆಗೆ ಹೋಗಿದ್ದಾರೆ, ಅವರಿಗೆ ಮತ್ತೆ ಸಮನ್ಸ್ ಹೊರಟಿದೆ. ರೈತರು ಪ್ರತಿ ವಾಯಿದೆಗೂ ಬೆಳಗಿನ ಬಸ್ಸಿಗೇ ಬಂದು ಕೂರುತ್ತಾರೆ.